ಎಷ್ಟು ನೆನಪಿದ್ದರೆ ಸಾಕು: ಪ್ರೀತಿ ಶಂಕರ್ ಅವರ ಆಟೋಮೆಟಾ ಸಂಶೋಧನೆ



ಮುಂಬಯಿಯ ಕನ್ನಡ ವೇದಿಕೆಗಳಲ್ಲಿ ದತ್ತಿ ಉಪನ್ಯಾಸ ಎಂದ ಕೂಡಲೇ ಕವಿಯೊಬ್ಬರ ಬದುಕು-ಬರಹವೋ, ಯಕ್ಷಗಾನವೋ, ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ನಮ್ಮ ಹಿರಿಯರ ಸಾಹಸವೋ ವಿಷಯವಾಗುವುದು ರೂಢಿ. ಅದು ಆಗಬೇಕಾದದ್ದೇ. ಆದರೆ ನಾವು ಸೇರಿರುವ ಈ ವಡಾಲ ಎಂದರೆ ಎನ್‌ಕೆಇಎಸ್ ಕನ್ನಡ ಶಾಲೆಯಿರುವ ಜಾಗ. ಬೀಜಗಣಿತವನ್ನೂ ರೇಖಾಗಣಿತವನ್ನೂ ಕನ್ನಡದಲ್ಲಿ ಕಲಿತವರು ಓಡಾಡಿದ ಜಾಗ. ಮಾಟುಂಗದ ವಿಜೆಟಿಐ ಇಂಜಿನಿಯರಿಂಗ್ ಕಾಲೇಜು ಇಲ್ಲಿಗೆ ಹತ್ತಿರವೇ. ಕನ್ನಡ ಶಾಲೆಯಿಂದ ಹೊರಟು ಇಂಜಿನಿಯರಿಂಗ್ ಓದಿದವರು ಈ ಸಭೆಯಲ್ಲೂ ಇದ್ದೀರಿ. ಇಂಥ ಕಡೆ ಕಂಪ್ಯೂಟರ್ ವಿಜ್ಞಾನದ ಒಂದು ಸಂಶೋಧನಾ ಜೀವನವನ್ನು, ಅದರ ತಿರುಳನ್ನು ಬಿಟ್ಟುಕೊಡದೆ, ನಮ್ಮ ಭಾಷೆಯಲ್ಲಿ ಹೇಳಬೇಕೆಂದು ನನಗೆ ಬಹುದಿನದ ಆಸೆ.

ತಿರುಳು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿಜ್ಞಾನಿಗಳ ಬಗ್ಗೆ ಮಾತಾಡುವಾಗ ನಾವು ಅವರ ಪದವಿ, ಪ್ರಶಸ್ತಿ, ವಿದೇಶ ಪ್ರವಾಸ, ಸರಳ ಸ್ವಭಾವ ಇಷ್ಟನ್ನು ಹೇಳಿ ಮುಗಿಸಿಬಿಡುತ್ತೇವೆ. ಅವರನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ ಯಾವುದು ಎಂಬುದು ಕೇಳುಗರಿಗೆ ತಿಳಿಯುವುದೇ ಇಲ್ಲ. ಕವಿಯ ಬಗ್ಗೆ ಮಾತಾಡುವಾಗ ಕವಿತೆಯನ್ನು ಬಿಟ್ಟು ಮಾತಾಡುತ್ತೇವೆಯೇ? ಇವತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿ, ಸಂಶೋಧನೆ ಮಾಡಿ, 2011ರ ಅಕ್ಟೋಬರಿನಲ್ಲಿ ತೀರಿಕೊಂಡ ಪ್ರೊಫೆಸರ್ ಪ್ರೀತಿ ಶಂಕರ್ ಅವರ ಕೆಲಸದ ಬಗ್ಗೆ ಮಾತಾಡುತ್ತೇನೆ. ಅವರ ಕೆಲಸ ಆಟೋಮೆಟಾ ಸಿದ್ಧಾಂತದ್ದು. ವಿದ್ಯಾರ್ಥಿಗಳು ಈ ಪಾಠವನ್ನು ‘ಟಿಒಸಿ’ ಎಂದೋ, ಕರ್ನಾಟಕದ ಕಾಲೇಜುಗಳಲ್ಲಾದರೆ ‘ಫ್ಲಾಟ್’ ಎಂದೋ ಕರೆಯುತ್ತಾರೆ. ಪರೀಕ್ಷೆ ಮುಗಿದ ಮರುದಿನ ಮರೆತುಬಿಡುವ ಪಾಠಗಳ ಸಾಲಿನಲ್ಲಿ ಇದು ಮೊದಲನೆಯದು. ಹಾಗೆ ಮರೆತದ್ದರಲ್ಲಿ ಏನಿತ್ತು ಎಂಬುದನ್ನು ಈ ಒಂದು ಜೀವನದ ಮೂಲಕ ತೋರಿಸಲು ಪ್ರಯತ್ನಿಸುತ್ತೇನೆ.

ಮೊದಲು ಆಟೋಮೆಟನ್ ಎಂದರೆ ಏನು ನೋಡೋಣ. ಅದು ಕಾಗದದ ಮೇಲಿನ ಯಂತ್ರ. ಅದಕ್ಕೆ ಒಂದು ಸಾಲು ಅಕ್ಷರಗಳನ್ನು ಕೊಡುತ್ತೇವೆ. ಅದು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಓದುತ್ತದೆ. ಹಿಂದಕ್ಕೆ ಹೋಗುವಂತಿಲ್ಲ, ಏನನ್ನೂ ಬರೆದಿಟ್ಟುಕೊಳ್ಳುವಂತಿಲ್ಲ. ಅದಕ್ಕೆ ಇರುವುದು ಕೆಲವೇ ‘ಸ್ಥಿತಿ’ಗಳು. ಒಂದು ಅಕ್ಷರ ಓದಿದಾಗ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಕೊನೆಯ ಅಕ್ಷರ ಓದಿದಾಗ ಒಪ್ಪಿಗೆಯ ಸ್ಥಿತಿಯಲ್ಲಿದ್ದರೆ ಆ ಸಾಲು ಸರಿ, ಇಲ್ಲದಿದ್ದರೆ ತಪ್ಪು. ಇಷ್ಟೇ. ಇಷ್ಟು ಬಡ ಯಂತ್ರದ ಮೇಲೆ ಒಬ್ಬರು ಬದುಕಿಡೀ ಸಂಶೋಧನೆ ಮಾಡುವುದಕ್ಕೆ ಏನಿದೆ ಎಂದು ನಿಮಗೆ ಅನ್ನಿಸಬಹುದು.

ಇದಕ್ಕೆ ವಡಾಲ ರೋಡ್ ಸ್ಟೇಷನ್ನಿಗಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಹಾರ್ಬರ್ ಲೈನ್ ಕವಲೊಡೆಯುವುದು ಇಲ್ಲಿ. ಒಂದು ಕವಲು ಗುರು ತೇಗ್ ಬಹಾದೂರ್ ನಗರ, ಚುನಾಭಟ್ಟಿ ದಾಟಿ ಕುರ್ಲಾ ಕಡೆಗೆ. ಇನ್ನೊಂದು ಕಿಂಗ್ಸ್ ಸರ್ಕಲ್ ದಾಟಿ ಮಾಹಿಮ್ ಕಡೆಗೆ. ನೀವು ಸಿಎಸ್‌ಎಂಟಿಗೆ ಹೋಗುವವರಾಗಿ ಇಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಒಂದು ಗಾಡಿ ಪನ್ವೇಲ್‌ನಿಂದ ಬಂತು, ಇನ್ನೊಂದು ಅಂಧೇರಿ ಕಡೆಯಿಂದ ಬಂತು. ಅವು ಹಿಂದೆ ಹಾದುಬಂದ ಸ್ಟೇಷನ್ನುಗಳೇ ಬೇರೆ. ಆದರೆ ಇಲ್ಲಿಂದ ಮುಂದೆ ಎರಡಕ್ಕೂ ಶಿವ್ಡಿ, ಕಾಟನ್ ಗ್ರೀನ್, ರೇ ರೋಡ್, ಡಾಕ್‌ಯಾರ್ಡ್ ರೋಡ್, ಸ್ಯಾಂಡ್‌ಹರ್ಸ್ಟ್ ರೋಡ್, ಮಸ್ಜಿದ್, ಸಿಎಸ್‌ಎಂಟಿ. ಮುಂದಿನ ದಾರಿಯನ್ನು ಲೆಕ್ಕ ಹಾಕುವವನಿಗೆ ಗಾಡಿ ಎಲ್ಲಿಂದ ಬಂತು ಎಂಬುದು ನೆನಪಿರಬೇಕಿಲ್ಲ. ಎರಡು ಭೂತಕಾಲಗಳು ಇಲ್ಲಿ ಒಂದೇ ಸ್ಥಿತಿ. ಈಗ ತಿರುಗಿ ನಿಲ್ಲಿ. ಸಿಎಸ್‌ಎಂಟಿಯಿಂದ ಬಂದ ಎರಡು ಗಾಡಿಗಳು ಇಲ್ಲಿಯತನಕ ನಿಂತ ಸ್ಟೇಷನ್ನುಗಳು ಒಂದೇ. ಆದರೂ ಒಂದು ಪನ್ವೇಲ್‌ಗೆ, ಒಂದು ಗೋರೆಗಾಂವ್‌ಗೆ. ದಾಟಿದ ಸ್ಟೇಷನ್ನುಗಳನ್ನು ಮಾತ್ರ ಬಲ್ಲವನು ಇಲ್ಲಿ ಎರಡು ಸಾಧ್ಯತೆಗಳನ್ನೂ ಒಟ್ಟಿಗೆ ಹಿಡಿದುಕೊಂಡೇ ಮುಂದೆ ಹೋಗಬೇಕು. ಮುಂದಿನ ಸ್ಟೇಷನ್ ಕಂಡ ಮೇಲೆ ಒಂದನ್ನು ಬಿಡಬಹುದು.

ಆಟೋಮೆಟಾ ಸಿದ್ಧಾಂತದ ಎರಡು ಮುಖ್ಯ ವಿಚಾರಗಳು ಇಷ್ಟರಲ್ಲೇ ಇವೆ. ಎರಡು ಭೂತಕಾಲಗಳಿಗೆ ಸಾಧ್ಯವಿರುವ ಎಲ್ಲ ಭವಿಷ್ಯಗಳೂ ಒಂದೇ ಆಗಿದ್ದರೆ ಅವನ್ನು ಬೇರೆಬೇರೆಯಾಗಿ ನೆನಪಿಡಬೇಕಿಲ್ಲ ಎಂಬುದು ಒಂದು. ಜಾನ್ ಮೈಹಿಲ್ ಮತ್ತು ಅನಿಲ್ ನೆರೋಡ್ 1957-58ರ ಹೊತ್ತಿಗೆ ಇದನ್ನು ಪ್ರಮೇಯವಾಗಿಸಿದರು. ಇಂಥ ಯಂತ್ರ ಗುರುತಿಸಬಲ್ಲ ಪ್ರತಿ ಭಾಷೆಗೂ, ಅಂದರೆ ಒಪ್ಪಬೇಕಾದ ಸಾಲುಗಳ ಪ್ರತಿ ಗುಂಪಿಗೂ, ಎಷ್ಟು ಸ್ಥಿತಿಗಳು ಬೇಕೇ ಬೇಕು, ಅದಕ್ಕಿಂತ ಒಂದೂ ಕಡಿಮೆಯಾದರೆ ಆಗದು ಎಂಬ ಸಂಖ್ಯೆ ಈ ಪ್ರಮೇಯದಿಂದ ದೊರೆಯುತ್ತದೆ. ಎರಡನೆಯದು, ಕವಲು ಬಂದಾಗ ಆರಿಸಿಕೊಳ್ಳದೆ ಎಲ್ಲ ಸಾಧ್ಯತೆಗಳ ಗುಂಪನ್ನೇ ಒಂದು ಸ್ಥಿತಿಯಾಗಿ ಎಣಿಸಬಹುದು ಎಂಬುದು. 1959ರ ಪ್ರಬಂಧವೊಂದರಲ್ಲಿ ಮೈಕೆಲ್ ರಾಬಿನ್ ಮತ್ತು ಡೇನಾ ಸ್ಕಾಟ್ ಇದನ್ನು ತೋರಿಸಿದರು. ಮುಂದೆ 1976ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಉಲ್ಲೇಖವಾದದ್ದು ಇದೇ ಪ್ರಬಂಧ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಕವಲುಗಳಿರುವ ಯಂತ್ರದಲ್ಲಿ 10 ಸ್ಥಿತಿಗಳಿದ್ದರೆ ಕವಲಿಲ್ಲದ ಯಂತ್ರಕ್ಕೆ 1024ರವರೆಗೂ ಬೇಕಾಗಬಹುದು.

ಹಿಂದಿನದರಲ್ಲಿ ಎಷ್ಟನ್ನು ನೆನಪಿಟ್ಟರೆ ಮುಂದಿನದಕ್ಕೆ ಸಾಕು? ನಾನು ಓದಿಕೊಂಡ ಮಟ್ಟಿಗೆ ಪ್ರೀತಿ ಶಂಕರ್ ಅವರ ಪ್ರೌಢ ಸಂಶೋಧನೆಯನ್ನೆಲ್ಲ ಹಿಡಿದು ನಿಲ್ಲಿಸಿರುವ ಪ್ರಶ್ನೆ ಇದೇ. ಅವರು ಇದನ್ನು ಹೀಗೆ ಎಲ್ಲೂ ಘೋಷಿಸಿದಂತೆ ನನಗೆ ಕಂಡಿಲ್ಲ. ಅವರ ಪ್ರಬಂಧಗಳನ್ನು ಒಂದರ ಪಕ್ಕ ಒಂದಿಟ್ಟಾಗ ನನಗೆ ಹೊಳೆದದ್ದು ಇದು, ಇವತ್ತು ನಾನು ಮಂಡಿಸಬೇಕೆಂದಿರುವುದೂ ಇದನ್ನೇ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಯಂತ್ರ ನಮ್ಮಿಂದ ದೂರದ್ದು ಎಂದುಕೊಳ್ಳಬೇಡಿ. ನಿಮ್ಮ ಫೋನಿನಲ್ಲಿ ‘ಸ್ತ್ರೀ’ ಎಂದು ಟೈಪ್ ಮಾಡಿದರೆ ಒಳಗೆ ಹೋಗುವುದು ಆರು ಸಂಕೇತಗಳು: ಸ, ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ಕೊನೆಗೆ ‘ಈ’ ಸ್ವರದ ಚಿಹ್ನೆ. ಇವು ಆರೂ ಸೇರಿ ಒಂದೇ ಅಕ್ಷರ, ಇಲ್ಲಿಗೆ ಮುಗಿಯಿತು, ಮುಂದಿನದು ಬೇರೆ ಅಕ್ಷರ ಎಂದು ಗುರುತಿಸಬೇಕು. ಆಮೇಲೆ ಒತ್ತುಗಳನ್ನು ಎಲ್ಲಿ ಇಡಬೇಕೆಂದು ನಿರ್ಧರಿಸಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಈ ಕೆಲಸ ಮಾಡುವ ಹಾರ್ಫ್‌ಬಜ್ ಎಂಬ ತಂತ್ರಾಂಶದೊಳಗೆ ಭಾರತೀಯ ಲಿಪಿಗಳಿಗಾಗಿಯೇ ಬರೆದ ಸೀಮಿತ ಸ್ಥಿತಿಗಳ ಯಂತ್ರವಿದೆ. ಅಕ್ಷರವಾಗಲಾರದ ಜೋಡಣೆ ಎದುರಾದಾಗ ಚುಕ್ಕೆಗಳ ವೃತ್ತವೊಂದು ತೆರೆಯ ಮೇಲೆ ಕಾಣಿಸುತ್ತದಲ್ಲ, ಅದು ಈ ಯಂತ್ರ ಸಂಕೇತಗಳ ಆ ಸಾಲನ್ನು ಒಪ್ಪಲಿಲ್ಲ ಎಂಬುದರ ಗುರುತು. ಕನ್ನಡದ ಕಾಗುಣಿತ, ಒತ್ತಕ್ಷರಗಳ ನಿಯಮವೆಲ್ಲ ಬೆರಳೆಣಿಕೆಯ ಸ್ಥಿತಿಗಳಲ್ಲಿ ಅಡಗುತ್ತದೆ ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ಪ್ರೀತಿ ಶಂಕರ್ ಹುಟ್ಟಿದ್ದು 1947ರಲ್ಲಿ. 1968ರಲ್ಲಿ ದೆಹಲಿಯ ಐಐಟಿಯಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಬಿ.ಟೆಕ್. ಪಡೆದರು, ಆ ಸಂಸ್ಥೆಯಿಂದ ಬಿ.ಟೆಕ್. ಪಡೆದ ಮೊದಲ ಮಹಿಳೆ ಅವರು. ಮುಂದೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಅಲ್ಲಿಂದ ಮರಳಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿದರು. ಇಂಜಿನಿಯರಿಂಗ್ ಕಾಲೇಜಿನ ತರಗತಿಯಲ್ಲಿ ಹುಡುಗಿಯರು ಅಪರೂಪವಾಗಿದ್ದ ಕಾಲದಿಂದ ಬಂದವರು ಒಂದು ವಿಭಾಗದ ಬೆನ್ನೆಲುಬಾಗಿ ನಿಂತದ್ದು ದೊಡ್ಡ ಸಂಗತಿ. ಆದರೆ ಅವರನ್ನು ‘ಮೊದಲ ಮಹಿಳೆ’ ಎಂದಷ್ಟೇ ನೆನೆಯುವುದು ಅವರಿಗೆ ಮಾಡುವ ಅನ್ಯಾಯ ಎಂದು ನನ್ನ ಅಭಿಪ್ರಾಯ. ಅವರ ಪ್ರಬಂಧಗಳಲ್ಲಿರುವುದು ಅದಕ್ಕಿಂತ ಬಹಳ ಹೆಚ್ಚಿನದು.

ಅವರು ಕೆಲಸ ಶುರು ಮಾಡಿದಾಗ ನಮ್ಮ ದೇಶದಲ್ಲಿ ಈ ವಿದ್ಯೆಯ ನೆಲ ಹೇಗಿತ್ತು? ಮುಂಬಯಿಯ ಪಾಲು ಇಲ್ಲಿ ದೊಡ್ಡದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ಆರ್. ನರಸಿಂಹನ್ ಅವರ ತಂಡ ಕಟ್ಟಿದ ಕಂಪ್ಯೂಟರಿಗೆ 1962ರಲ್ಲಿ ನೆಹರೂ ‘ಟಿಫ್ರಾಕ್’ ಎಂದು ಹೆಸರಿಟ್ಟರು. ಅದೇ ನರಸಿಂಹನ್ ಚಿತ್ರಗಳಿಗೂ ವಾಕ್ಯಗಳಂತೆ ವ್ಯಾಕರಣ ಬರೆಯಬಹುದು ಎಂಬ ವಿಚಾರವನ್ನು ಪ್ರಪಂಚದಲ್ಲೇ ಮೊದಲಿಗೆ ಮುಂದಿಟ್ಟವರಲ್ಲಿ ಒಬ್ಬರು. ಬಬಲ್ ಚೇಂಬರಿನಲ್ಲಿ ಕಣಗಳು ಬಿಟ್ಟ ಗೆರೆಗಳನ್ನು ಓದಲು ಅವರಿಗೆ ಅದು ಬೇಕಿತ್ತು. ಮದರಾಸಿನಲ್ಲಿ ರಾಣಿ ಸಿರೋಮನಿ ಮತ್ತು ಅವರ ಜತೆಗಾರರು ಮನೆಯಂಗಳದ ಕೋಲಂ ರಂಗೋಲಿಗಳಿಗೆ ವ್ಯಾಕರಣ ಬರೆದರು. ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿ ಟಿಐಎಫ್‌ಆರ್ ಸೇರಿದ ಆರ್. ಕೆ. ಶ್ಯಾಮಸುಂದರ್ ಮುಂದೆ ಫ್ರಾನ್ಸಿನ ಜೆರಾರ್ ಬೆರಿ, ಮುಂಬಯಿಯ ಎಸ್. ರಮೇಶ್ ಅವರೊಂದಿಗೆ ಕ್ಷಣಕ್ಷಣವೂ ಹೊರಗಿನ ಘಟನೆಗಳಿಗೆ ಪ್ರತಿಕ್ರಿಯಿಸುವ ಪ್ರೋಗ್ರಾಮ್‌ಗಳ ಬಗ್ಗೆ 1993ರಲ್ಲಿ ಪ್ರಕಟಿಸಿದ ಕೆಲಸದ ತಳದಲ್ಲೂ ಇದೇ ಯಂತ್ರಗಳಿವೆ. ಟಿಐಎಫ್‌ಆರ್‌ನವರು ಮುಂದೆ ನಿಂತು ಕಟ್ಟಿದ ಎಫ್‌ಎಸ್‌ಟಿಟಿಸಿಎಸ್ ಎಂಬ ವಾರ್ಷಿಕ ಸಮ್ಮೇಳನದ ಮೊದಲ ಕೂಟ 1981ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಮುಂಬಯಿ, ಬೆಂಗಳೂರು, ಮದರಾಸು ಈ ಮೂರು ಊರುಗಳ ನಡುವೆ ಓಡಾಡಿಕೊಂಡು ಬೆಳೆದ ವಿದ್ಯೆ ಇದು. ಮುಂಬಯಿಯ ಕನ್ನಡಿಗರಾದ ನಮಗೆ ಇದು ಗೊತ್ತಿರಬೇಕು.

ಪ್ರೀತಿ ಶಂಕರ್ ಅವರ ಮೊದಲ ಮುಖ್ಯ ಪ್ರಬಂಧ ಆಟೋಮೆಟಾ ಕುರಿತದ್ದಲ್ಲ. 1979ರಲ್ಲಿ ಅವರೊಬ್ಬರೇ ಬರೆದು ಐಟ್ರಿಪಲ್‌ಇಯ ಮಾಹಿತಿ ಸಿದ್ಧಾಂತದ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಬಿಸಿಎಚ್ ಸಂಕೇತಗಳ ಬಗ್ಗೆ. ಸಂದೇಶ ಕಳಿಸುವಾಗ ದಾರಿಯಲ್ಲಿ ಕೆಲವು ಬಿಟ್‌ಗಳು ಕೆಡುತ್ತವೆ. ಕೆಟ್ಟರೂ ಸರಿಪಡಿಸಿಕೊಳ್ಳಲು ಆಗುವಂತೆ ಹೆಚ್ಚುವರಿ ಬಿಟ್‌ಗಳನ್ನು ಲೆಕ್ಕಾಚಾರದಿಂದ ಸೇರಿಸುವುದು ದೋಷ ತಿದ್ದುವ ಸಂಕೇತಗಳ ಕೆಲಸ. ಬಿಸಿಎಚ್‌ನಲ್ಲಿರುವ ಬಿ ಎಂದರೆ ರಾಜ್ ಚಂದ್ರ ಬೋಸ್, ಸಿ ಎಂದರೆ ಅವರ ಶಿಷ್ಯ ರಾಯ್-ಚೌಧುರಿ. ಈ ಸಂಕೇತಗಳಿಗೆ ಅಲ್ಲಿಯವರೆಗೆ ಬೇಕಿದ್ದದ್ದು ಸೊನ್ನೆಯನ್ನು ಬಿಟ್ಟು ಯಾವುದರಿಂದ ಬೇಕಾದರೂ ಭಾಗಿಸಬಹುದಾದ ಸಂಖ್ಯಾವ್ಯವಸ್ಥೆ. 4ರ ಅಥವಾ 12ರ ಶೇಷಗಳ ಲೋಕದಲ್ಲಿ ಹಾಗೆ ಭಾಗಿಸಲಾಗುವುದಿಲ್ಲ. ಅಲ್ಲೂ ಬಿಸಿಎಚ್ ಸಂಕೇತಗಳನ್ನು ಕಟ್ಟುವ ಬಗೆಯನ್ನು ಅವರು ತೋರಿಸಿದರು. ಹದಿನೈದು ವರ್ಷಗಳ ನಂತರ, 1994ರಲ್ಲಿ, ಹ್ಯಾಮನ್ಸ್, ವಿಜಯ್ ಕುಮಾರ್, ಕಾಲ್ಡರ್‌ಬ್ಯಾಂಕ್, ಸ್ಲೋನ್, ಸೋಲೆ ಸೇರಿ ಬರೆದ ಪ್ರಬಂಧದಿಂದಾಗಿ 4ರ ಶೇಷಗಳ ಮೇಲಿನ ಸಂಕೇತಗಳತ್ತ ಎಲ್ಲರ ಗಮನ ತಿರುಗಿತು. ಹಾಗೆ ಗಮನ ಬರುವುದಕ್ಕೆ ಬಹಳ ಮೊದಲೇ ಬೆಂಗಳೂರಿನಲ್ಲಿ ಕುಳಿತು ಆ ನೆಲವನ್ನು ಅಗೆದಿದ್ದವರು ಇವರು.

ಇಲ್ಲಿಂದ ಮುಂದೆ ಅವರ ಆಸಕ್ತಿ ಕಂಪೈಲರುಗಳತ್ತ ಹರಿಯಿತು. ಈ ಭಾಗದಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪ್ರೋಗ್ರಾಮರ್ ಒಂದು ಸಾಲು ಬರೆಯುತ್ತಾನೆ: ಎಕ್ಸ್‌ನ ಬೆಲೆಗೆ 1 ಕೂಡಿಸಿ ಎಕ್ಸ್‌ನಲ್ಲೇ ಇಡು. ಚಿಪ್ಪಿಗೆ ಈ ಭಾಷೆ ತಿಳಿಯದು. ಅದಕ್ಕೆ ತನ್ನದೇ ಆದೇಶಗಳಿವೆ. ಆ ಆದೇಶಗಳಿಗೆ ಅನುವಾದಿಸುವ ಕಂಪೈಲರ್ ಎಂಬ ತಂತ್ರಾಂಶ ಈ ಸಾಲನ್ನು ಮೊದಲು ಒಂದು ಮರವಾಗಿ ಮಾಡಿಕೊಳ್ಳುತ್ತದೆ. ಮೇಲೆ ‘ಇಡು’, ಅದರ ಕೆಳಗೆ ಎಕ್ಸ್ ಮತ್ತು ‘ಕೂಡು’, ‘ಕೂಡು’ವಿನ ಕೆಳಗೆ ಎಕ್ಸ್ ಮತ್ತು 1. ಚಿಪ್ಪಿನ ಒಂದೊಂದು ಆದೇಶವೂ ಇಂಥದೇ ಒಂದು ಪುಟ್ಟ ಮರದ ತುಂಡು. ದೊಡ್ಡ ಮರವನ್ನು ಈ ತುಂಡುಗಳಿಂದ ಪೂರ್ತಿ ಮುಚ್ಚಬೇಕು. ಮುಚ್ಚಲು ಹಲವು ದಾರಿಗಳಿರುತ್ತವೆ. ಮೆಮೊರಿಯಿಂದ ರಿಜಿಸ್ಟರಿಗೆ ತಂದು, 1 ಕೂಡಿಸಿ, ವಾಪಸ್ಸು ಇಟ್ಟರೆ ಮೂರು ಆದೇಶ. ಕೆಲವು ಚಿಪ್ಪುಗಳಲ್ಲಿ ಮೆಮೊರಿಯಲ್ಲಿದ್ದಂತೆಯೇ ಒಂದು ಹೆಚ್ಚಿಸುವ ಆದೇಶವಿದೆ. ಅಲ್ಲಿ ಒಂದರಲ್ಲೇ ಮುಗಿಯುತ್ತದೆ. ಅತಿ ಕಡಿಮೆ ಖರ್ಚಿನ ಮುಚ್ಚುವಿಕೆಯನ್ನು ಹುಡುಕುವುದೇ ಸಮಸ್ಯೆ.

1978ರಲ್ಲಿ ಗ್ಲ್ಯಾನ್‌ವಿಲ್ ಮತ್ತು ಸೂಸನ್ ಗ್ರಹಾಂ ಒಂದು ಸುಂದರ ಉಪಾಯ ಹೇಳಿದರು. ಮರವನ್ನು ಒಂದು ಸಾಲಾಗಿ ಬಿಡಿಸಿಬಿಡಿ. ಆದೇಶಗಳನ್ನು ವ್ಯಾಕರಣದ ನಿಯಮಗಳೆಂದು ತಿಳಿಯಿರಿ. ಆಮೇಲೆ 1965ರಲ್ಲಿ ಕ್ನೂತ್ ಕಂಡುಹಿಡಿದ ಎಲ್‌ಆರ್ ಪಾರ್ಸಿಂಗ್ ಕ್ರಮದಲ್ಲಿ ಆ ಸಾಲನ್ನು ಓದಿದರೆ ಆದೇಶಗಳು ತಾವಾಗಿಯೇ ಹೊರಬರುತ್ತವೆ. ಆ ಕ್ರಮದ ಒಳಗಿರುವುದೂ ಒಂದು ಆಟೋಮೆಟನ್ನೇ, ಜತೆಗೊಂದು ಸ್ಟ್ಯಾಕ್, ಅಂದರೆ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ನೆನಪಿನ ಗುಡ್ಡೆ. ಇದರಲ್ಲಿ ಒಂದು ಕೊರತೆ ಉಳಿದಿತ್ತು. ಒಂದೇ ಮರವನ್ನು ಹಲವು ಬಗೆಯಲ್ಲಿ ಮುಚ್ಚಬಹುದಾದ್ದರಿಂದ ವ್ಯಾಕರಣ ಸಂದಿಗ್ಧ. ಓದುತ್ತ ಹೋಗುವ ಯಂತ್ರ ಎರಡು ದಾರಿ ಕಂಡ ಕಡೆ ತಕ್ಷಣ ಒಂದನ್ನು ಆರಿಸಿಕೊಳ್ಳಬೇಕು, ಆಮೇಲೆ ಹಿಂತಿರುಗುವಂತಿಲ್ಲ. ಆಗ ಅಗ್ಗವೆಂದು ಕಂಡದ್ದು ಕೊನೆಗೆ ದುಬಾರಿಯಾಗಬಹುದು.

ಪ್ರೀತಿ ಶಂಕರ್ ಮತ್ತು ಅವರ ವಿದ್ಯಾರ್ಥಿಗಳು ಈ ಕೊರತೆಯನ್ನು ನೀಗಿಸಿದ ಕೆಲಸ 2000ದಲ್ಲಿ ಎಸಿಎಂನ ಪ್ರೋಗ್ರಾಮಿಂಗ್ ಭಾಷೆಗಳ ಪತ್ರಿಕೆಯಲ್ಲಿ ಬಂತು. ಮಾಯಾ ಮಾಧವನ್ ಮೊದಲ ಲೇಖಕಿ. ವಿಚಾರ ಹೀಗಿದೆ. ಯಂತ್ರ ಎಲ್ಲೂ ಅವಸರದಿಂದ ಆರಿಸಿಕೊಳ್ಳುವುದು ಬೇಡ. ಆ ಹಂತದವರೆಗೆ ಸಾಧ್ಯವಾಗುವ ಎಲ್ಲ ಹೊಂದಿಕೆಗಳನ್ನೂ ಅವುಗಳ ಖರ್ಚಿನ ಸಮೇತ ಒಂದೇ ಸ್ಥಿತಿಯಲ್ಲಿ ಇಟ್ಟುಕೊಂಡು ಹೋಗಲಿ. ಕೂಡಲೇ ಒಂದು ಆಕ್ಷೇಪ ಏಳುತ್ತದೆ: ಮರ ಬೆಳೆದಂತೆ ಖರ್ಚಿನ ಮೊತ್ತವೂ ಬೆಳೆಯುತ್ತದೆ, ಹಾಗಾದರೆ ಸ್ಥಿತಿಗಳಿಗೆ ಕೊನೆಯೇ ಇಲ್ಲವಲ್ಲ? ಸೀಮಿತ ಯಂತ್ರ ಸೀಮಿತವಾಗಿ ಉಳಿಯುವುದು ಹೇಗೆ? ಉತ್ತರ ನಮ್ಮ ಹಳೆಯ ಪ್ರಶ್ನೆಯಲ್ಲೇ ಇದೆ. ಮುಂದಿನ ತೀರ್ಮಾನಕ್ಕೆ ಒಟ್ಟು ಖರ್ಚು ಬೇಕಿಲ್ಲ. ಈ ದಾರಿ ಆ ದಾರಿಗಿಂತ ಎಷ್ಟು ಅಗ್ಗ ಎಂಬ ವ್ಯತ್ಯಾಸ ಮಾತ್ರ ಸಾಕು. ಎಲ್ಲದರಿಂದಲೂ ಅತಿ ಕಡಿಮೆಯ ಖರ್ಚನ್ನು ಕಳೆದು ಉಳಿದದ್ದನ್ನಷ್ಟೇ ಇಟ್ಟುಕೊಂಡರೆ ನಿಜವಾದ ಚಿಪ್ಪುಗಳ ಆದೇಶಗಳಿಗೆ ಸ್ಥಿತಿಗಳ ಸಂಖ್ಯೆ ಒಂದು ಮಿತಿಯಲ್ಲಿ ನಿಲ್ಲುತ್ತದೆ. ದುಬಾರಿ ಲೆಕ್ಕಾಚಾರವೆಲ್ಲ ಕಂಪೈಲರನ್ನು ಕಟ್ಟುವಾಗಲೇ ಒಮ್ಮೆ ಆಗಿಬಿಡುತ್ತದೆ. ಪ್ರೋಗ್ರಾಮ್ ಬಂದಾಗ ಕೋಷ್ಟಕ ನೋಡಿಕೊಂಡು ಹೋಗುವುದಷ್ಟೇ ಕೆಲಸ. ಖರ್ಚನ್ನು ವ್ಯತ್ಯಾಸವಾಗಿ ಇಟ್ಟುಕೊಳ್ಳುವ ಉಪಾಯ ಬೇರೆ ವಿಧಾನದಲ್ಲಿ ಮೊದಲೇ ಇತ್ತು. ಅದನ್ನು ಎಡದಿಂದ ಬಲಕ್ಕೆ ಓದುವ ಎಲ್‌ಆರ್ ಯಂತ್ರದೊಳಗೆ ಸರಿಯಾಗಿ ಕೂರಿಸಿ, ಗ್ರಹಾಂ–ಗ್ಲ್ಯಾನ್‌ವಿಲ್ ದಾರಿಯಲ್ಲೇ ಅತಿ ಅಗ್ಗದ ಉತ್ತರ ಸಿಗುತ್ತದೆ ಎಂದು ತೋರಿಸಿದ್ದು ಇವರ ಸಾಧನೆ. ಅದೇ ವರ್ಷ ಮರಗಳಲ್ಲಿ ತುಂಡುಗಳನ್ನು ಗುರುತಿಸುವ ಕ್ರಮದ ಕುರಿತು ಅವರ ಇನ್ನೊಂದು ಪ್ರಬಂಧವೂ ಬಂತು.

ಈಗ ಅವರು ಮತ್ತೆ ತಮ್ಮ ಮೊದಲ ಪ್ರೀತಿಗೆ, ದೋಷ ತಿದ್ದುವ ಸಂಕೇತಗಳಿಗೆ, ಮರಳಿದರು. ಈ ಬಾರಿ ಕೈಯಲ್ಲಿ ಆಟೋಮೆಟಾ ಇತ್ತು. ನನ್ನ ದೃಷ್ಟಿಯಲ್ಲಿ ಅವರ ಜೀವನದ ಅತಿ ಸೊಗಸಿನ ಘಟ್ಟ ಇದು.

ಗೋಲೇ ಸಂಕೇತವನ್ನು ತೆಗೆದುಕೊಳ್ಳಿ. 12 ಬಿಟ್‌ಗಳ ಸಂದೇಶವನ್ನು 24 ಬಿಟ್‌ಗಳಾಗಿ ಹಿಗ್ಗಿಸುತ್ತದೆ. 24ರಲ್ಲಿ ಯಾವುದೇ 3 ಕೆಟ್ಟರೂ ಮೂಲ ಸಂದೇಶ ಸಿಗುತ್ತದೆ. ಗುರು, ಶನಿ ಗ್ರಹಗಳ ಬಣ್ಣದ ಚಿತ್ರಗಳನ್ನು ವಾಯೇಜರ್ ನೌಕೆಗಳು ಭೂಮಿಗೆ ಕಳಿಸಿದ್ದು ಈ ಸಂಕೇತದಲ್ಲಿ. ಸರಿಯಾದ ಪದಗಳು ಒಟ್ಟು 4096. ಕೆಟ್ಟು ಬಂದ ಪದಕ್ಕೆ ಇವುಗಳಲ್ಲಿ ಅತಿ ಹತ್ತಿರದ್ದು ಯಾವುದು? ಒಂದೊಂದನ್ನೇ ಹೋಲಿಸಬಹುದು, ಆದರೆ ದೊಡ್ಡ ಸಂಕೇತಗಳಲ್ಲಿ ಅದು ನಡೆಯದು. ಅದಕ್ಕೆ ಸರಿಯಾದ ಪದಗಳನ್ನಷ್ಟೇ ಒಪ್ಪುವ ಆಟೋಮೆಟನ್ನನ್ನು ಕಟ್ಟಿ, ಪ್ರತಿ ಬಿಟ್ಟಿಗೂ ಒಂದು ಕಂಬದಂತೆ ಸ್ಥಿತಿಗಳನ್ನು ಬಿಡಿಸಿ ಬರೆಯುತ್ತಾರೆ. ಇದರ ಹೆಸರು ಟ್ರೆಲಿಸ್. 1967ರ ವಿಟರ್ಬಿ ವಿಧಾನ ಈ ಜಾಲದಲ್ಲಿ ಅತಿ ಕಡಿಮೆ ತಪ್ಪಿನ ದಾರಿಯನ್ನು ಹುಡುಕಿಕೊಡುತ್ತದೆ. ಕಂಬದಲ್ಲಿ ಸ್ಥಿತಿಗಳು ಹೆಚ್ಚಿದಷ್ಟೂ ಕೆಲಸ ಹೆಚ್ಚು. ಹಾಗಾಗಿ ಇಲ್ಲೂ ಕೇಳಬೇಕಾದ್ದು ಅದೇ: ಇಲ್ಲಿಯತನಕ ಓದಿದ್ದರಲ್ಲಿ ಎಷ್ಟು ನೆನಪಿದ್ದರೆ ಸಾಕು? ಗೋಲೇ ಸಂಕೇತದ ನಟ್ಟನಡುವೆ ನಿಂತರೆ 256 ಸ್ಥಿತಿಗಳು ಬೇಕು. ಮೈಹಿಲ್–ನೆರೋಡ್ ವಿಚಾರದ ಪ್ರಕಾರ ಅದಕ್ಕಿಂತ ಕಡಿಮೆ ಮಾಡಲು ಸಾಧ್ಯವಿಲ್ಲ.

ಸಾಲನ್ನು ವೃತ್ತವಾಗಿ ಬಾಗಿಸಿದರೆ ಸಾಧ್ಯ! ಕೊನೆಯ ಕಂಬವನ್ನು ಮೊದಲ ಕಂಬಕ್ಕೆ ಜೋಡಿಸಿ, ಹೊರಟ ಸ್ಥಿತಿಗೇ ಬಂದು ಮುಟ್ಟುವ ದಾರಿಗಳನ್ನು ಮಾತ್ರ ಸರಿಯೆಂದು ಎಣಿಸಿದರೆ, ಅದು ‘ಟೇಲ್ ಬೈಟಿಂಗ್’ ಟ್ರೆಲಿಸ್, ಬಾಲ ಕಚ್ಚಿದ ಜಾಲ. ಕಾಲ್ಡರ್‌ಬ್ಯಾಂಕ್, ಫಾರ್ನಿ, ವಾರ್ಡಿ 1999ರಲ್ಲಿ ಗೋಲೇ ಸಂಕೇತಕ್ಕೆ 16 ಸ್ಥಿತಿಗಳ ಇಂಥ ಜಾಲ ಕೊಟ್ಟರು. 256ರ ವರ್ಗಮೂಲ 16. ಇದಕ್ಕಿಂತ ಕೆಳಗೆ ಇಳಿಯಲಾಗದು ಎಂಬುದೂ ಗೊತ್ತಿದ್ದದ್ದೇ. ಆದರೆ ಯಾವುದೋ ಒಂದು ಸಂಕೇತಕ್ಕೆ ಹೊಳೆದ ಜಾಣ್ಮೆ ಬೇರೆ, ಒಂದಿಡೀ ಕುಟುಂಬದ ಸಂಕೇತಗಳಿಗೆ ನಿಯಮವಾಗಿ ಕಟ್ಟುವುದು ಬೇರೆ. ಕೆಲವು ಬಗೆಯ ಚಕ್ರೀಯ ಸಂಕೇತಗಳಿಗೆ ಅತಿ ಚಿಕ್ಕ ಬಾಲ ಕಚ್ಚಿದ ಜಾಲವನ್ನು ಸುಲಭವಾಗಿ ಕಟ್ಟಬಹುದು ಎಂದು ಪ್ರೀತಿ ಶಂಕರ್, ಬಿ. ಸುಂದರ್ ರಾಜನ್ ಮತ್ತು ಜತೆಗಾರರು 2001ರ ಇಕಾಲ್ಪ್ ಸಮ್ಮೇಳನದಲ್ಲಿ ತೋರಿಸಿದರು. ಇಕಾಲ್ಪ್ ಎಂದರೆ ಯುರೋಪಿನಲ್ಲಿ ಆಟೋಮೆಟಾ ಮತ್ತು ಭಾಷಾ ಸಿದ್ಧಾಂತದವರು ಸೇರುವ ಜಾಗ. ಸಂಪರ್ಕ ಇಂಜಿನಿಯರುಗಳ ಸಮಸ್ಯೆಯೊಂದನ್ನು ಅಲ್ಲಿಗೆ ಒಯ್ಯಬೇಕೆಂದರೆ ಅದು ತಮ್ಮದೇ ಸಮಸ್ಯೆ ಎಂದು ಆ ಜನಕ್ಕೆ ಅನ್ನಿಸುವಂತೆ ಹೇಳಬೇಕು. ಎರಡೂ ಊರುಗಳ ಭಾಷೆ ಬಲ್ಲವರಿಂದ ಮಾತ್ರ ಆಗುವ ಕೆಲಸ ಅದು.

ಬಾಲ ಕಚ್ಚಿದ ಜಾಲದಲ್ಲಿ ಉಳಿಸಿದ್ದನ್ನು ಇನ್ನೊಂದು ಕಡೆ ಕೊಡಬೇಕಾಗುತ್ತದೆ. ಸರಿಯಾದ ದಾರಿ ಯಾವ ಸ್ಥಿತಿಯಿಂದ ಹೊರಟಿತು ಎಂಬುದು ಗೊತ್ತಿಲ್ಲ. ಒಂದೊಂದು ಆರಂಭದಿಂದಲೂ ವಿಟರ್ಬಿ ವಿಧಾನವನ್ನು ಮತ್ತೆ ಮತ್ತೆ ನಡೆಸಿದರೆ ಉಳಿತಾಯವೆಲ್ಲ ಮಣ್ಣುಪಾಲು. ಪ್ರೀತಿ ಶಂಕರ್ ಅವರ ತಂಡ ಎರಡು ಹಂತದ ದಾರಿ ಹುಡುಕಿತು. ಮೊದಲು ಇಡೀ ಜಾಲದ ಮೇಲೆ ಒಮ್ಮೆ ವಿಟರ್ಬಿ ನಡೆಸಿ ಪ್ರತಿ ಸ್ಥಿತಿಗೂ ಒಂದು ಅಂದಾಜು ಪಡೆಯುವುದು. ಆ ಅಂದಾಜುಗಳ ನೆರವಿನಿಂದ ಎರಡನೆಯ ಹಂತದಲ್ಲಿ ಭರವಸೆಯಿರುವ ಆರಂಭಗಳನ್ನಷ್ಟೇ ಹಿಡಿದು ಹುಡುಕುವುದು. ಉತ್ತರ ಅಂದಾಜಿನದಲ್ಲ, ಖಚಿತವಾದದ್ದು. ಅವರ ವಿದ್ಯಾರ್ಥಿ ಆದಿತ್ಯ ನೋರಿ ಈ ಜಾಲಗಳನ್ನು ನೋಡುವ ಬೇರೆಬೇರೆ ಬಗೆಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದು, ಅವರ ಜತೆ 2006ರಲ್ಲಿ ಪ್ರಕಟಿಸಿದರು.

ಇನ್ನೊಂದು ಕೆಲಸ ಹೇಳಲೇಬೇಕು. 2005ರಲ್ಲಿ ಅವರು ಹರಿಹರನ್ ಸುಬ್ರಮಣಿಯನ್ ಜತೆ ಎಕ್ಸ್‌ಎಂಎಲ್ ದಾಖಲೆಗಳನ್ನು ಕುಗ್ಗಿಸುವ ಬಗೆ ಬರೆದರು. ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಮಾಹಿತಿಗೂ ಹಿಂದೊಂದು ಮುಂದೊಂದು ಚೀಟಿ. ಪುಸ್ತಕ, ಲೇಖಕ, ವರ್ಷ ಎಂದು. ಮಾಹಿತಿಗಿಂತ ಚೀಟಿಯೇ ಜಾಸ್ತಿ ಜಾಗ ತಿನ್ನುತ್ತದೆ. ಆದರೆ ಯಾವ ಚೀಟಿಯ ಒಳಗೆ ಯಾವುದು, ಯಾವ ಕ್ರಮದಲ್ಲಿ ಬರಬಹುದು ಎಂಬ ನಿಯಮಪಟ್ಟಿ ಕಳಿಸುವವರ ಬಳಿಯೂ ಪಡೆಯುವವರ ಬಳಿಯೂ ಇರುತ್ತದೆ. ಆ ಪಟ್ಟಿಯಿಂದ ಎರಡೂ ಕಡೆ ಒಂದೇ ಆಟೋಮೆಟನ್ನನ್ನು ತಾನಾಗಿಯೇ ಕಟ್ಟಿಸಿ. ಚೀಟಿಯೊಳಗೆ ಚೀಟಿ ಬಂದಾಗ ಎಲ್ಲಿಗೆ ಮರಳಬೇಕೆಂದು ತಿಳಿಯಲು ಒಂದು ಸ್ಟ್ಯಾಕ್ ಇಡಿ. ಯಂತ್ರ ನಿಂತ ಸ್ಥಿತಿಯಿಂದ ಮುಂದೆ ಒಂದೇ ದಾರಿಯಿದ್ದರೆ ಆ ಚೀಟಿಗಾಗಿ ಒಂದು ಬಿಟ್ಟನ್ನೂ ಕಳಿಸಬೇಕಿಲ್ಲ. ಆಚೆಯ ಯಂತ್ರಕ್ಕೆ ಅದು ಆಗಲೇ ಗೊತ್ತು. ಕವಲಿರುವ ಕಡೆ ಮಾತ್ರ ಯಾವ ಕವಲು ಎಂದು ತಿಳಿಸಿದರಾಯಿತು.

1979ರಿಂದ 2006ರವರೆಗಿನ ಈ ಹಾದಿಯಲ್ಲಿ ವಿಷಯದ ಹೆಸರು ಬದಲಾಗುತ್ತ ಹೋಗಿದೆ. ಕಂಪೈಲರ್ ವಿಭಾಗದವರು ಅವರನ್ನು ತಮ್ಮವರೆನ್ನುತ್ತಾರೆ, ಸಂಕೇತ ಸಿದ್ಧಾಂತದವರು ತಮ್ಮವರೆನ್ನುತ್ತಾರೆ. ಇಂದಿನ ಸಂಶೋಧನಾ ವ್ಯವಸ್ಥೆ ಇಂಥವರಿಗೆ ಅಷ್ಟು ಅನುಕೂಲವಾಗಿಲ್ಲ ಎಂಬುದು ನನ್ನ ನೋವು. ಒಂದೇ ಸಣ್ಣ ಕ್ಷೇತ್ರದಲ್ಲಿ ಪ್ರಬಂಧಗಳ ರಾಶಿ ಹಾಕಿದವರಿಗೆ ಮನ್ನಣೆ ಬೇಗ ಸಿಗುತ್ತದೆ. ಒಂದು ವಿಚಾರವನ್ನು ಕೈಯಲ್ಲಿ ಹಿಡಿದು ಅದು ಎಲ್ಲೆಲ್ಲಿ ಬಾಳುತ್ತದೆ ಎಂದು ಹುಡುಕಿಕೊಂಡು ಹೋಗುವವರು ಪ್ರತಿ ಹೊಸ ಕ್ಷೇತ್ರದಲ್ಲೂ ಮೊದಲಿನಿಂದ ಕಲಿಯಬೇಕು, ಮೊದಲಿನಿಂದ ನಂಬಿಕೆ ಗಳಿಸಬೇಕು. ಅದಕ್ಕೆ ಧೈರ್ಯವೂ ಬೇಕು, ಕಾಯುವ ಶಕ್ತಿಯೂ ಬೇಕು.

ವೈ. ಎನ್. ಶ್ರೀಕಾಂತ್ ಅವರೊಂದಿಗೆ ಸೇರಿ ಅವರು ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಬಂದು, 2007ರಲ್ಲಿ ಎರಡನೆಯ ಆವೃತ್ತಿ ಕಂಡಿತು. ಭಾರತೀಯ ವಿಜ್ಞಾನ ಅಕಾಡೆಮಿ 1996ರಲ್ಲಿ ಆರಂಭಿಸಿದ ‘ರೆಸೊನೆನ್ಸ್’ ಪತ್ರಿಕೆಗೆ ಮೊದಲ ವರ್ಷವೇ ಅವರು ದೋಷ ತಿದ್ದುವ ಸಂಕೇತಗಳ ಬಗ್ಗೆ ಬರೆದರು. ಬಿ.ಎಸ್ಸಿ. ವಿದ್ಯಾರ್ಥಿಗೂ ಅರ್ಥವಾಗುವಂತೆ ಬರೆದ ಲೇಖನಗಳು ಅವು. ಇಲ್ಲಿರುವ ವಿದ್ಯಾರ್ಥಿಗಳು ಅವನ್ನು ಓದಬೇಕು. ಅಕಾಡೆಮಿ ಅವನ್ನು ಉಚಿತವಾಗಿ ಒದಗಿಸುತ್ತದೆ. ಅವರ ನಂತರ ವಿಜ್ಞಾನ ಸಂಸ್ಥೆ ಯುವ ಅಧ್ಯಾಪಕರ ಬೋಧನೆಗಾಗಿ ಕೊಡುವ ಪ್ರಶಸ್ತಿಯೊಂದಕ್ಕೆ ಅವರ ಹೆಸರಿಟ್ಟಿದೆ. ಪ್ರಬಂಧಗಳ ಲೆಕ್ಕದಲ್ಲೇ ಎಲ್ಲವನ್ನೂ ಅಳೆಯುವ ಸಂಸ್ಥೆಗಳ ನಡುವೆ ಪಾಠಕ್ಕಾಗಿ ಒಬ್ಬರ ಹೆಸರು ಉಳಿಯುವುದು ಅಪರೂಪ.

ಬಾಲ ಕಚ್ಚಿದ ಜಾಲಗಳ ಬಗ್ಗೆ ಅವರ ಜತೆ ಕೆಲಸ ಮಾಡಿದ ಆದಿತ್ಯ ನೋರಿ ಮುಂದೆ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗ ಸೇರಿ, ಶ್ರೀರಾಮ್ ರಾಜಮಣಿಯವರ ಜತೆ ‘ಯೋಗಿ’ ಎಂಬ ತಪಾಸಣಾ ಸಾಧನವನ್ನು ಕಟ್ಟಿದರು. ವಿಂಡೋಸ್‌ನ ಡ್ರೈವರ್ ಪ್ರೋಗ್ರಾಮ್‌ಗಳು ನಿಯಮ ಮೀರುತ್ತವೆಯೇ ಎಂದು ಪರೀಕ್ಷಿಸುವುದು ಅದರ ಕೆಲಸವಾಗಿತ್ತು. ಬೀಗ ಹಾಕದೆ ತೆಗೆಯಬಾರದು, ಹಾಕಿದ್ದನ್ನು ತೆಗೆಯದೆ ಮತ್ತೆ ಹಾಕಬಾರದು ಎಂಬಂಥ ನಿಯಮಗಳು. ಪ್ರೋಗ್ರಾಮ್ ಲಕ್ಷ ಸಾಲುಗಳಷ್ಟಿದ್ದರೂ ಈ ನಿಯಮವನ್ನು ಕಾಯುವುದಕ್ಕೆ ಬೀಗ ಹಾಕಿದೆ, ಹಾಕಿಲ್ಲ, ತಪ್ಪಾಗಿದೆ ಎಂಬ ಮೂರು ಸ್ಥಿತಿಗಳ ಆಟೋಮೆಟನ್ ಸಾಕು.